ನಾಲ್ಕನೇ ಗಾರ್ಡ್ ಯಾರನ್ನು ಕಾಯುತ್ತಾನೆ?

ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: 2006ರ ಗಾರ್ಡ್‌ಗಳು ಮೇಲೋ, 2016ರವರೋ, 2018ರವರೋ? ಗಾರ್ಡ್‌ಗಳಿಗೆ, ಅಂದರೆ ಹೊರಗಿನಿಂದ ಚೆಂಡು ನಡೆಸಿ ಆಡುವ, ಸಾಮಾನ್ಯವಾಗಿ ಎತ್ತರ ಕಡಿಮೆಯಿರುವ ಆಟಗಾರರಿಗೆ, ತರಬೇತಿ ಕೊಡುವುದೇ ನನ್ನ ಕೆಲಸ. ಪಂದ್ಯದ ವಿಡಿಯೊ ಹಾಕಿಕೊಂಡು, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಈ ಪ್ರಶ್ನೆ ನನಗೆ ಇಷ್ಟ. ಆದರೆ ಹೆಚ್ಚಿನವರು ಇದಕ್ಕೆ ಉತ್ತರ ಹುಡುಕುವ ದಾರಿ ಸರಿಯಿಲ್ಲ. ಒಬ್ಬೊಬ್ಬ ಗಾರ್ಡ್‌ನ ಸರಾಸರಿ ಅಂಕ ತೆಗೆದು, ಕೂಡಿಸಿ, ಮೊತ್ತ ದೊಡ್ಡದಿರುವ ಕಡೆ ಬೆರಳು ತೋರಿಸುತ್ತಾರೆ. ಹಾಗೆ ನೋಡಿದರೆ 2006ರ ರ‍್ಯಾಂಡಿ ಫಾಯ್ ಪಂದ್ಯಕ್ಕೆ 20.5 ಅಂಕ ಗಳಿಸಿದವನು. 2016ರಲ್ಲಿ ತಂಡದ ಮುಂಚೂಣಿಯಲ್ಲಿದ್ದ ಜಾಶ್ ಹಾರ್ಟ್‌ನ ಸರಾಸರಿ 15.5. ಅಲ್ಲಿಗೆ ಚರ್ಚೆ ಮುಗಿಯಬೇಕಿತ್ತು. ಆದರೆ ಟ್ರೋಫಿ ಎತ್ತಿದ್ದು 2016ರ ತಂಡ.

ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಅಂಗಳದಲ್ಲಿರುವ ಐವರಲ್ಲಿ ನಾಲ್ವರು ಗಾರ್ಡ್‌ಗಳಿದ್ದಾಗ, ಎದುರಾಳಿ ತಂಡದ ಎರಡನೇ ಎತ್ತರದ ಆಳನ್ನು ಯಾರು ಕಾಯುತ್ತಿದ್ದಾರೆ? ಆ ಒಬ್ಬ ಹುಡುಗನ ಮೇಲೆ ಕಣ್ಣಿಟ್ಟರೆ ಇಡೀ ಸೀಸನ್ನಿನ ಕಥೆ ಬಿಚ್ಚಿಕೊಳ್ಳುತ್ತದೆ.

2005-06ರ ತಂಡ ನಾಲ್ಕು ಗಾರ್ಡ್‌ಗಳ ಆಟವನ್ನು ಆರಿಸಿಕೊಂಡಿದ್ದಲ್ಲ, ಅದು ತಲೆಯ ಮೇಲೆ ಬಂದು ಬಿದ್ದದ್ದು. ಕರ್ಟಿಸ್ ಸಂಪ್ಟರ್ ಎಂಬ ಒಳ್ಳೆಯ ಫಾರ್ವರ್ಡ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಇದ್ದ. 2005ರ ಮಾರ್ಚ್‌ನಲ್ಲಿ ಕಾಲೇಜು ತಂಡಗಳ ರಾಷ್ಟ್ರೀಯ ಸ್ಪರ್ಧೆಯಾದ ಎನ್‌ಸಿಎಎ ಟೂರ್ನಿಯ ನಡುವೆಯೇ ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅವನಿಲ್ಲದೆ ಆಡಿದ ಮುಂದಿನ ಪಂದ್ಯದಲ್ಲಿ ತಂಡ ನಾರ್ತ್ ಕೆರೊಲಿನಾಗೆ 67-66ರಿಂದ ಸೋತಿತು. ಹೊಸ ಸೀಸನ್ ಶುರುವಾಗುವ ಮುನ್ನವೇ ಅದೇ ಮೊಣಕಾಲು ಮತ್ತೆ ಕೈಕೊಟ್ಟಿತು. ಕೋಚ್ ಜೇ ರೈಟ್ ಬಳಿ ಉಳಿದ ಒಳ್ಳೆಯ ಆಟಗಾರರೆಲ್ಲ ಗಾರ್ಡ್‌ಗಳೇ: ಫಾಯ್, ಆ್ಯಲನ್ ರೇ, ಕೈಲ್ ಲೌರಿ, ಮೈಕ್ ನಾರ್ಡಿ. ನಾಲ್ವರನ್ನೂ ಒಟ್ಟಿಗೆ ಇಳಿಸಿ, ಒಳಗೆ ವಿಲ್ ಶೆರಿಡನ್ ಒಬ್ಬನನ್ನೇ ನಿಲ್ಲಿಸಿದರು. ಫಾಯ್ 6 ಅಡಿ 4 ಇಂಚು, ಅವನೇ ನಾಲ್ವರಲ್ಲಿ ಎತ್ತರದವನು. ಲೌರಿ ಬರೀ 6 ಅಡಿ.

ದಾಳಿಯಲ್ಲಿ ಇದರಿಂದ ಆದ ಲಾಭ ಕಣ್ಣಿಗೆ ಕಾಣುವಂಥದ್ದು. ಬುಟ್ಟಿಯ ಕೆಳಗೆ ನಿಂತು ಅಭ್ಯಾಸವಾದ ಎದುರಾಳಿ ಫಾರ್ವರ್ಡ್ ಈಗ ತ್ರೀ ಪಾಯಿಂಟ್ ಗೆರೆಯವರೆಗೂ (ಅದರಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ) ಹೊರಗೆ ಬರಬೇಕು. ಬಂದರೆ ಅವನ ಪಕ್ಕದಿಂದ ನುಗ್ಗುತ್ತಾರೆ, ಬರದಿದ್ದರೆ ನಿಂತಲ್ಲಿಂದ ಹೊಡೆಯುತ್ತಾರೆ. ಆ ತಂಡ 28 ಪಂದ್ಯ ಗೆದ್ದು ಐದರಲ್ಲಿ ಮಾತ್ರ ಸೋತಿತು, ಫಾಯ್ ವಿಲನೋವಾ ಆಡುವ ಬಿಗ್ ಈಸ್ಟ್ ಲೀಗ್‌ನ ವರ್ಷದ ಆಟಗಾರನಾದ.

ಇನ್ನೊಂದು ತುದಿಯಲ್ಲಿ ಅದಕ್ಕೆ ತೆತ್ತ ಬೆಲೆ ನೋಡಬೇಕಾದರೆ ವಿಡಿಯೊದಲ್ಲಿ ಚೆಂಡನ್ನು ಬಿಟ್ಟು ಕಾಲುಗಳನ್ನು ನೋಡಬೇಕು. ತನಗಿಂತ ಅರ್ಧ ಅಡಿ ಎತ್ತರದವನನ್ನು ಕಾಯುವ ಗಾರ್ಡ್‌ಗೆ ಒಂದೇ ಉಪಾಯ: ಚೆಂಡು ಅವನ ಕೈಗೆ ಬರುವ ಮುಂಚೆಯೇ ಕೆಲಸ ಮುಗಿಸಬೇಕು. ಮಂಡಿ ಬಗ್ಗಿಸಿ, ಅವನ ತೊಡೆಗೆ ತನ್ನ ಸೊಂಟ ಆನಿಸಿ, ಅವನು ನಿಲ್ಲಬೇಕೆಂದ ಜಾಗದಿಂದ ಒಂದು ಹೆಜ್ಜೆ ಆಚೆ ತಳ್ಳಬೇಕು. ಶಾಟ್ ಮೇಲೆ ಹೋದ ಕೂಡಲೇ ಚೆಂಡಿನತ್ತ ನೋಡದೆ ಮೊದಲು ಅವನಿಗೆ ಬೆನ್ನು ಕೊಟ್ಟು ತಡೆಯಬೇಕು. ನಾನು ಕಲಿಸುವ ಹುಡುಗರಿಗೆ ಇದನ್ನು ಹತ್ತು ನಿಮಿಷ ಮಾಡಿಸಿದರೆ ಹನ್ನೊಂದನೇ ನಿಮಿಷಕ್ಕೆ ಅವರ ಶಾಟ್‌ಗಳು ರಿಂಗಿನ ಮುಂಭಾಗಕ್ಕೆ ಬಡಿಯತೊಡಗುತ್ತವೆ. ಶಾಟ್‌ಗೆ ಬಲ ಬರುವುದು ಕಾಲಿನಿಂದ, ಕಾಲು ಆಗಲೇ ಸೋತಿರುತ್ತದೆ. ಸರಾಸರಿ ಅಂಕದ ಪಟ್ಟಿಯಲ್ಲಿ ಈ ದಣಿವಿಗೆ ಒಂದು ಕಾಲಂ ಇರುವುದಿಲ್ಲ.

2006ರ ಟೂರ್ನಿಯಲ್ಲಿ ಅದು ಕಂಡಿತು. ಬಾಸ್ಟನ್ ಕಾಲೇಜ್ ವಿರುದ್ಧ ಓವರ್‌ಟೈಮ್‌ವರೆಗೂ ಹೋಗಿ 60-59ರಿಂದ ಹೇಗೋ ಪಾರಾದರು. ಮುಂದಿನ ಪಂದ್ಯದಲ್ಲಿ ಫ್ಲೋರಿಡಾ. ಜೋಕಿಮ್ ನೋವಾ, ಆಲ್ ಹಾರ್ಫರ್ಡ್ ಎಂಬ ಎತ್ತರದ ಇಬ್ಬರೂ ಒಳಗೆ. 75-62ರ ಸೋಲು. ಶಾಟ್‌ಗಳು ಬೀಳಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಏಕೆ ಬೀಳಲಿಲ್ಲ ಎಂಬುದಕ್ಕೆ ನನ್ನ ಉತ್ತರ ಮೇಲಿನ ಪ್ಯಾರಾದಲ್ಲಿದೆ.

ಇಷ್ಟು ಹೇಳಿ 2016ಕ್ಕೆ ಹಾರುವ ಮುನ್ನ ನಿಯಮಗಳ ಮಾತು ಆಡಲೇಬೇಕು. ಬೇರೆ ಬೇರೆ ಸೀಸನ್‌ಗಳ ಗಾರ್ಡ್‌ಗಳನ್ನು ಹೋಲಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ. ಕಾಲೇಜು ಪುರುಷರ ಆಟದಲ್ಲಿ ತ್ರೀ ಪಾಯಿಂಟ್ ಗೆರೆ 1986-87ರಿಂದ 19 ಅಡಿ 9 ಇಂಚಿನಲ್ಲಿತ್ತು. 2006ರ ನಾಲ್ವರು ಹೊಡೆದದ್ದು ಆ ಗೆರೆಯಿಂದ. 2008-09ರಲ್ಲಿ ಅದು ಒಂದು ಅಡಿ ಹಿಂದಕ್ಕೆ ಸರಿಯಿತು, 2019-20ರಲ್ಲಿ 22 ಅಡಿ ದಾಟಿತು. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಶಾಟ್ ಹೊಡೆಯಲೇಬೇಕಾದ ಸಮಯ, 2015-16ರಲ್ಲಿ 35 ಸೆಕೆಂಡಿನಿಂದ 30ಕ್ಕೆ ಇಳಿಯಿತು. 2013-14ರಿಂದ ಚೆಂಡು ಹಿಡಿದವನ ಮೈಮೇಲೆ ಕೈಯಿಟ್ಟು ತಡೆಯುವುದಕ್ಕೆ ರೆಫರಿಗಳು ಬಿಗಿಯಾಗಿ ಫೌಲ್ ಕೊಡತೊಡಗಿದರು. ಲೌರಿ ಎದುರಾಳಿಯ ಚೆಂಡಿಗೆ ಅಂಟಿಕೊಂಡು ಆಡುತ್ತಿದ್ದ ರೀತಿಯನ್ನು 2018ರ ರೆಫರಿಯ ಮುಂದೆ ಆಡಿದ್ದರೆ, ಮೊದಲ ಹತ್ತು ನಿಮಿಷದಲ್ಲೇ ಎರಡು ಫೌಲ್ ಆಗಿ ಬೆಂಚಿನಲ್ಲಿ ಕೂರುತ್ತಿದ್ದ ಎಂದು ನನ್ನ ಅಂದಾಜು. ಅದು ಅವನ ಕೊರತೆಯಲ್ಲ. ಅಂದಿನ ಆಟ ಅದಕ್ಕೆ ಜಾಗ ಕೊಟ್ಟಿತ್ತು.

ಹಾಗಾಗಿ ಪಂದ್ಯಕ್ಕೆಷ್ಟು ಅಂಕ ಎಂದು ನೋಡುವ ಬದಲು, ಚೆಂಡು ಕೈಗೆ ಬಂದ ಪ್ರತಿ ಸರದಿಗೆ ಎಷ್ಟು ಅಂಕ ಎಂದು ನೋಡಿ. 60 ಸರದಿಗಳಲ್ಲಿ 70 ಅಂಕ ಗಳಿಸಿದ ತಂಡ, 70 ಸರದಿಗಳಲ್ಲಿ 75 ಗಳಿಸಿದ ತಂಡಕ್ಕಿಂತ ದಾಳಿಯಲ್ಲಿ ಮುಂದಿದೆ. ಸರಳ ಭಾಗಾಕಾರ, ಆದರೆ ಅರ್ಧ ವಾದಗಳು ಇದರಲ್ಲೇ ಬಗೆಹರಿಯುತ್ತವೆ.

2009ರ ತಂಡವನ್ನು ಹೆಚ್ಚಿನವರು ಒಂದೇ ಬುಟ್ಟಿಗಾಗಿ ನೆನಪಿಡುತ್ತಾರೆ. ಪಿಟ್ಸ್‌ಬರ್ಗ್ ವಿರುದ್ಧ ಕೊನೆಯ ಕ್ಷಣಗಳಲ್ಲಿ ಸ್ಕಾಟಿ ರೆನಾಲ್ಡ್ಸ್ ಓಡಿಹೋಗಿ, ಅರ್ಧ ಸೆಕೆಂಡ್ ಉಳಿದಿರುವಾಗ ಹಾಕಿದ ಗೆಲುವಿನ ಬುಟ್ಟಿ, 78-76. ನನಗೆ ಅದರಲ್ಲಿ ಹೆಚ್ಚು ಮುಖ್ಯವಾಗಿ ಕಾಣುವುದು ರೆಜಿ ರೆಡಿಂಗ್. ಚೆಂಡನ್ನು ಹೊರಗಿನಿಂದ ದೂರಕ್ಕೆ ಎಸೆದು ಡಾಂಟೆ ಕನಿಂಗ್‌ಹ್ಯಾಮ್‌ಗೆ ಮುಟ್ಟಿಸಿದವನು ಅವನು. ಕನಿಂಗ್‌ಹ್ಯಾಮ್ ಅದನ್ನು ರೆನಾಲ್ಡ್ಸ್‌ಗೆ ದಾಟಿಸಿದ. ರೆಡಿಂಗ್ 6 ಅಡಿ 5 ಇಂಚಿನ ಗಾರ್ಡ್. ಗಾರ್ಡ್‌ನಂತೆ ಚೆಂಡು ನೋಡಬಲ್ಲ, ಫಾರ್ವರ್ಡ್‌ನ ಜೊತೆ ಜಗ್ಗಾಡಬಲ್ಲ. 2006ರಲ್ಲಿ ಇಲ್ಲದ ಆಳು ಅವನೇ. ಮುಂದಿನ ಹತ್ತು ವರ್ಷ ರೈಟ್ ಹುಡುಕಿದ್ದು ಇಂಥವರನ್ನೇ ಎಂದು ನನಗೆ ಅನ್ನಿಸುತ್ತದೆ.

ಈಗ 2016. ಕೊನೆಯ ವರ್ಷದ ಸೀನಿಯರ್ ರಯಾನ್ ಆರ್ಚಿಡಿಯಾಕನೊ, ಮೊದಲ ವರ್ಷದ ಜೇಲನ್ ಬ್ರನ್‌ಸನ್, ಇಬ್ಬರೂ ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್‌ಗಳು, ಇಬ್ಬರೂ ಒಟ್ಟಿಗೆ ಅಂಗಳದಲ್ಲಿ. ಹೀಗೆ ಇಬ್ಬರನ್ನು ಜೊತೆಗೂಡಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗುವ ಅಪಾಯ ಸದಾ ಇರುತ್ತದೆ. ನನ್ನ ಕೈಯಲ್ಲೇ ಅಂಥ ಜೋಡಿಗಳು ಕೆಟ್ಟಿವೆ. ಇಲ್ಲಿ ಕೆಡಲಿಲ್ಲ, ಏಕೆಂದರೆ ಚೆಂಡಿಲ್ಲದಾಗ ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿತ್ತು. ಒಬ್ಬನ ಮೇಲೆ ಒತ್ತಡ ಬಿದ್ದರೆ ಆಟವನ್ನು ಇನ್ನೊಬ್ಬ ಶುರು ಮಾಡುತ್ತಿದ್ದ. ಬೆಂಚಿನಿಂದ ಫಿಲ್ ಬೂತ್. ಎತ್ತರದವನನ್ನು ಕಾಯುವ, ಗುರಿ ತಪ್ಪಿ ಪುಟಿದ ಚೆಂಡಿಗೆ (ರೀಬೌಂಡ್) ಮೈಯೊಡ್ಡುವ ಕೆಲಸಕ್ಕೆ 6 ಅಡಿ 5 ಇಂಚಿನ ಹಾರ್ಟ್. ನನ್ನ ಪ್ರಶ್ನೆಗೆ ಈ ಸಲ ಉತ್ತರ ಸಲೀಸಾಗಿ ಸಿಗುತ್ತದೆ: ನಾಲ್ಕನೇ ಜಾಗದಲ್ಲಿ ಕ್ರಿಸ್ ಜೆಂಕಿನ್ಸ್ ಎಂಬ ದಪ್ಪ ಮೈಕಟ್ಟಿನ ಫಾರ್ವರ್ಡ್ ಇದ್ದ, ಶಾಟ್ ಮಾತ್ರ ಗಾರ್ಡ್‌ನದ್ದು. ಸಣ್ಣ ಗಾರ್ಡ್‌ಗಳ ಕಾಲು ಉಳಿಯಿತು.

ಫೈನಲ್‌ನ ಕೊನೆಯ 4.7 ಸೆಕೆಂಡು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಾರ್ತ್ ಕೆರೊಲಿನಾದ ಮಾರ್ಕಸ್ ಪೇಜ್ ಗಾಳಿಯಲ್ಲೇ ಮೈ ತಿರುಚಿ ಹೊಡೆದ ತ್ರೀ ಪಾಯಿಂಟರ್‌ನಿಂದ ಅಂಕ 74-74. ಟೈಮ್‌ಔಟ್ ಮುಗಿದ ಮೇಲೆ ಸೆಂಟರ್ ಡ್ಯಾನಿಯಲ್ ಒಚೆಫು ಒರೆಸುವ ಕೋಲನ್ನು ಕೈಗೆ ತೆಗೆದುಕೊಂಡು, ತಾನು ಅಡ್ಡ ನಿಲ್ಲಲಿದ್ದ ಜಾಗದ ನೆಲವನ್ನು ತಾನೇ ಒರೆಸುತ್ತಾನೆ. ಜೆಂಕಿನ್ಸ್ ಚೆಂಡನ್ನು ಒಳಗೆ ಹಾಕುತ್ತಾನೆ. ಆರ್ಚಿಡಿಯಾಕನೊ ಓಡುತ್ತಾ ಬರುತ್ತಾನೆ, ಒಚೆಫು ಅಡ್ಡ ಬರುತ್ತಾನೆ. ಸೀನಿಯರ್‌ನ ಕೊನೆಯ ಕಾಲೇಜು ಪಂದ್ಯ; ಅವನೇ ಹೊಡೆಯುತ್ತಾನೆಂದು ಎಲ್ಲರ ಕಣ್ಣೂ ಅವನ ಮೇಲೆ. ಚೆಂಡನ್ನು ಒಳಗೆ ಹಾಕಿದವನನ್ನು ಕಾಯುವವರು ಹೆಚ್ಚಾಗಿ ಮರೆಯುತ್ತಾರೆ. ಹಿಂದಿನಿಂದ ಬರುತ್ತಿದ್ದ ಜೆಂಕಿನ್ಸ್‌ನ ಕೂಗು ಕೇಳಿ ಆರ್ಚಿಡಿಯಾಕನೊ ಚೆಂಡನ್ನು ಕೆಳಗಿನಿಂದ ಹಿಂದಕ್ಕೆ ದೂಡುತ್ತಾನೆ. ಶಾಟ್ ಗಾಳಿಯಲ್ಲಿರುವಾಗಲೇ ಸಮಯ ಮುಗಿಯುತ್ತದೆ. 77-74.

ವಿಡಿಯೊ ನಿಲ್ಲಿಸಿ ಹುಡುಗರಿಗೆ ಆರ್ಚಿಡಿಯಾಕನೊನ ತಲೆ ಎತ್ತ ತಿರುಗಿದೆ ಎಂದು ತೋರಿಸುತ್ತೇನೆ. ಓಟದ ವೇಗ ತಗ್ಗಿಲ್ಲ, ಗಾಬರಿಯಿಲ್ಲ, ಎರಡು ಆಯ್ಕೆಗಳೂ ಕೊನೆಯವರೆಗೆ ತೆರೆದಿವೆ. ಆ ಪಂದ್ಯದಲ್ಲಿ ತಂಡಕ್ಕಾಗಿ ಹೆಚ್ಚು ಅಂಕ ಗಳಿಸಿದವನು ಬೆಂಚಿನಿಂದ ಬಂದ ಬೂತ್, 20 ಅಂಕ. ಫೈನಲ್ ಫೋರ್‌ನ (ಕೊನೆಯ ನಾಲ್ಕು ತಂಡಗಳ ಘಟ್ಟ) ಶ್ರೇಷ್ಠ ಆಟಗಾರ ಎಂಬ ಗೌರವ ಆರ್ಚಿಡಿಯಾಕನೊಗೆ ಸಿಕ್ಕಿತು. ಎರಡೂ ನ್ಯಾಯವೇ.

2018ರ ಹೊತ್ತಿಗೆ ಗಾರ್ಡ್ ಎಂಬ ಪದದ ಅರ್ಥವೇ ಬದಲಾಗಿತ್ತು. ಡಾಂಟೆ ಡಿವಿನ್ಚೆಂಜೊ 6 ಅಡಿ 5 ಇಂಚು, ಮಿಕಾಲ್ ಬ್ರಿಡ್ಜಸ್ 6 ಅಡಿ 7 ಇಂಚು. ಬ್ರಿಡ್ಜಸ್ ಪಾಯಿಂಟ್ ಗಾರ್ಡ್‌ನಿಂದ ಹಿಡಿದು ಫಾರ್ವರ್ಡ್‌ವರೆಗೆ ಯಾರನ್ನು ಬೇಕಾದರೂ ಕಾಯಬಲ್ಲ. ಎದುರಾಳಿಗಳು ಅಡ್ಡ ನಿಂತು ತಡೆದರೆ, ಇವರು ತಾವು ಕಾಯುವವರನ್ನು ಯೋಚಿಸದೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. 2006ರಲ್ಲಿ ಎತ್ತರದವರು ಸಣ್ಣವರನ್ನು ಹಿಂಡಿದ್ದರು. ಈ ಸಲ ಬ್ರನ್‌ಸನ್ ಆ ಲೆಕ್ಕವನ್ನೇ ತಿರುಗಿಸಿಟ್ಟ. 6 ಅಡಿ 2 ಇಂಚಿನ ಆ ಪಾಯಿಂಟ್ ಗಾರ್ಡ್ ಎದುರಾಳಿ ಗಾರ್ಡ್‌ಗೆ ಬೆನ್ನು ಕೊಟ್ಟು, ಡ್ರಿಬಲ್ ಮಾಡುತ್ತಲೇ ಇಂಚಿಂಚಾಗಿ ಬುಟ್ಟಿಯ ಹತ್ತಿರ ತಳ್ಳಿಕೊಂಡು ಹೋಗುತ್ತಿದ್ದ. ಅಲ್ಲಿ ಎರಡೂ ಕಾಲನ್ನು ಒಟ್ಟಿಗೆ ಊರಿ ನಿಲ್ಲುತ್ತಾನೆ. ಚೆಂಡನ್ನು ಎತ್ತಿದಂತೆ ಮಾಡುತ್ತಾನೆ. ಕಾಯುವವನ ಹಿಮ್ಮಡಿ ನೆಲ ಬಿಟ್ಟರೆ ಒಂದು ಕಾಲಿನ ಮೇಲೆ ತಿರುಗಿ ಒಳಗೆ ಹೋಗುತ್ತಾನೆ, ಬಿಡದಿದ್ದರೆ ಎಡಗೈಯಿಂದ ಮೆತ್ತಗೆ ಹಾಕುತ್ತಾನೆ, ಇಬ್ಬರು ಮೇಲೆ ಬಿದ್ದರೆ ಹೊರಗೆ ಖಾಲಿ ನಿಂತವನಿಗೆ ಪಾಸ್. ಎರಡು ಕಾಲಿನ ಮೇಲೆ ನಿಂತವನಿಗೆ ಗಡಿಬಿಡಿಯಿಲ್ಲ. ಒಂದೇ ಕಾಲಿನಲ್ಲಿ ಹಾರಿದವನಿಗೆ ಆ ಸಮಯ ಸಿಗುವುದಿಲ್ಲ. ಕಲಿಯುವ ಗಾರ್ಡ್‌ಗಳಿಗೆ ಇಷ್ಟು ಒಂದನ್ನೇ ಕಲಿಸಿದರೂ ಅವರ ತಪ್ಪು ಪಾಸ್‌ಗಳು ಕಡಿಮೆಯಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊರಗೆ ಖಾಲಿ ನಿಂತವರು ಕಮ್ಮಿ ಆಳುಗಳಲ್ಲ. ಆ ಸೀಸನ್ನಿನಲ್ಲಿ ತಂಡ 464 ತ್ರೀ ಪಾಯಿಂಟರ್ ಹಾಕಿ ದಾಖಲೆ ಬರೆಯಿತು, ಸೆಮಿಫೈನಲ್‌ನಲ್ಲಿ ಕಾನ್ಸಾಸ್ ವಿರುದ್ಧವೇ 18. ಫೈನಲ್‌ನಲ್ಲಿ ಮಿಷಿಗನ್ ಎದುರು ಬ್ರನ್‌ಸನ್‌ಗೆ ದೊಡ್ಡ ಆಟ ಕೂಡಿಬರಲಿಲ್ಲ, ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಗಳೆಲ್ಲ ಅವನ ಹೆಸರಿನಲ್ಲೇ ಇದ್ದರೂ. ಬೆಂಚಿನಿಂದ ಬಂದ ಡಿವಿನ್ಚೆಂಜೊ 31 ಅಂಕ ಗಳಿಸಿದ. 79-62.

ಈ ಹುಡುಗರು ಸಾಲಾಗಿ ಒಬ್ಬರ ಹಿಂದೆ ಒಬ್ಬರು ಬಂದದ್ದೂ ಗಮನಿಸಬೇಕಾದ ಸಂಗತಿ. ಬ್ರಿಡ್ಜಸ್ ಮೊದಲ ವರ್ಷ ಪಂದ್ಯವಾಡದೆ ಅಭ್ಯಾಸದಲ್ಲೇ ಕಳೆದವನು. ಪಾದದ ಮೂಳೆ ಮುರಿದ ಡಿವಿನ್ಚೆಂಜೊ 2016ರಲ್ಲಿ ಬೆಂಚಿನ ಹಿಂದಿದ್ದ. ಸೆಮಿಫೈನಲ್‌ಗೆ ಮುನ್ನ ಅಭ್ಯಾಸದಲ್ಲಿ ಎದುರಾಳಿ ಒಕ್ಲಹೋಮಾದ ಬಡ್ಡಿ ಹೀಲ್ಡ್‌ನ ಪಾತ್ರ ವಹಿಸಿ ತನ್ನವರಿಗೇ ಬೆವರಿಳಿಸಿದ. ಆ ಪಂದ್ಯವನ್ನು ವಿಲನೋವಾ 95-51ರಿಂದ ಗೆದ್ದಿತು. ಬ್ರನ್‌ಸನ್ ಆರ್ಚಿಡಿಯಾಕನೊ ಜೊತೆ ಒಂದೇ ವರ್ಷ ಆಡಿದ, ಕಾಲಿನ್ ಗಿಲೆಸ್ಪಿ ಬ್ರನ್‌ಸನ್ ಜೊತೆ ಒಂದೇ ವರ್ಷ. ಆ ಒಂದೊಂದು ವರ್ಷ ಸಾಕಾಯಿತು. ಈ ಸರಣಿ ತೆಳುವಾದಾಗ ಏನಾಗುತ್ತದೆಂಬುದು 2022ರಲ್ಲಿ ಕಂಡಿತು: ಗಿಲೆಸ್ಪಿಯ ಜೊತೆಗಾರ ಜಸ್ಟಿನ್ ಮೂರ್‌ನ ಹಿಮ್ಮಡಿಯ ಸ್ನಾಯುರಜ್ಜು ಫೈನಲ್ ಫೋರ್‌ಗೆ ಒಂದು ಪಂದ್ಯ ಮೊದಲು ಹರಿಯಿತು, ಆಡುವವರ ಪಟ್ಟಿ ಮೊದಲೇ ಚಿಕ್ಕದಿತ್ತು, ಕಾನ್ಸಾಸ್ 81-65ರಿಂದ ಗೆದ್ದಿತು.

ಒಂದು ಮಾತು 2006ರ ನಾಲ್ವರ ಪರವಾಗಿ. ಅವರು ಸೋತ ಫ್ಲೋರಿಡಾ ಆ ವರ್ಷದ ಚಾಂಪಿಯನ್. 2005ರಲ್ಲಿ ಸೋಲಿಸಿದ ನಾರ್ತ್ ಕೆರೊಲಿನಾವೂ ಚಾಂಪಿಯನ್, 2009ರಲ್ಲಿ ಸೋಲಿಸಿದ್ದೂ ಅದೇ ನಾರ್ತ್ ಕೆರೊಲಿನಾ, ಅದೂ ಚಾಂಪಿಯನ್.

ಯಾರನ್ನು ಆರಿಸುತ್ತೀರಿ ಎಂದು ಪಟ್ಟು ಹಿಡಿದರೆ, ಇಡೀ ಸೀಸನ್ನಿಗೆ 2018ರವರು. ಬ್ರಿಡ್ಜಸ್ ಇರುವ ತಂಡದಲ್ಲಿ ನನ್ನ ಪ್ರಶ್ನೆಯೇ ಏಳುವುದಿಲ್ಲ. ಕೊನೆಯ ಐದು ಸೆಕೆಂಡಿಗೆ ಆರ್ಚಿಡಿಯಾಕನೊ. ಚೆಂಡು ಯಾರದ್ದೂ ಅಲ್ಲದೆ ನೆಲದ ಮೇಲೆ ಉರುಳುತ್ತಿದ್ದು, ಹತ್ತು ಜನರ ನಡುವೆ ಅದನ್ನು ತರಬೇಕಾದವನು ಒಬ್ಬನೇ ಎಂದಾದರೆ, 2006ರ ಲೌರಿಯನ್ನು ಕಳಿಸುತ್ತೇನೆ.