ಟಿಬಿಸಿ ರಿಪೇರಿ: ಗ್ಯಾಸ್ ಟರ್ಬೈನಿನ ಬಿಸಿ ಭಾಗಗಳಿಗೆ ಮರುಲೇಪನ

ಇಂಧನ ಉರಿಸಿ ಬರುವ ಬಿಸಿ ಅನಿಲದಿಂದ ತಿರುಗುವ ಯಂತ್ರ ಗ್ಯಾಸ್ ಟರ್ಬೈನ್. ಅದರಲ್ಲಿ ಇಂಧನ ಉರಿಯುವ ಜಾಗ ಕಂಬಸ್ಟರ್. ಕಂಬಸ್ಟರಿನ ಒಳಗೋಡೆ ಲೈನರ್. ದೊಡ್ಡ ಯಂತ್ರಗಳಲ್ಲಿ ಜ್ವಾಲೆಯ ಬಿಸಿ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಲೈನರಿನ ನಿಕಲ್ ಮಿಶ್ರಲೋಹವೋ 1300ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಆದರೂ ಗೋಡೆ ಉಳಿಯುವುದು ಹೊರಗಿನಿಂದ ಹರಿಯುವ ತಂಪು ಗಾಳಿಯಿಂದ, ಮತ್ತು ಒಳಮೈಗೆ ಕೊಟ್ಟ ಲೇಪನದಿಂದ. ಈ ಲೇಪನವೇ ಥರ್ಮಲ್ ಬ್ಯಾರಿಯರ್ ಕೋಟಿಂಗ್, ಚಿಕ್ಕದಾಗಿ ಟಿಬಿಸಿ.

ಮೇಲಿನ ಪದರ ಟಾಪ್ ಕೋಟ್. ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ಎಂಬ ಸೆರಾಮಿಕ್, ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗೆ. ಅದರಡಿ ಬಾಂಡ್ ಕೋಟ್. ಇದು ಕ್ರೋಮಿಯಂ, ಅಲ್ಯೂಮಿನಿಯಂ, ಇಟ್ರಿಯಂ ಸೇರಿದ ಲೋಹ. ಬಿಸಿ ತಡೆಯುವುದು ಮೇಲಿನದು, ನಿಜ. ಆದರೆ ಲೇಪನ ಎಷ್ಟು ದಿನ ಬಾಳುತ್ತದೆ ಎನ್ನುವುದು ಹೆಚ್ಚಾಗಿ ಕೆಳಗಿನದರ ಕೈಯಲ್ಲಿದೆ.

ಯಾಕೆಂದರೆ ಸೆರಾಮಿಕ್ ಆಮ್ಲಜನಕವನ್ನು ತಡೆಯುವುದಿಲ್ಲ. ಆಮ್ಲಜನಕ ಒಳಗಿಳಿದು ಬಾಂಡ್ ಕೋಟಿನ ಅಲ್ಯೂಮಿನಿಯಂ ಜೊತೆ ಸೇರುತ್ತದೆ. ಎರಡು ಪದರಗಳ ನಡುವೆ ಅಲ್ಯೂಮಿನಾ ಪೊರೆ ಕಟ್ಟುತ್ತದೆ. ತೆಳ್ಳಗಿರುವಾಗ ಈ ಪೊರೆ ಲೋಹಕ್ಕೆ ಕಾವಲು. ಯಂತ್ರ ಓಡಿದಷ್ಟೂ ದಪ್ಪವಾಗುತ್ತದೆ. ಯಂತ್ರ ಶುರುವಾದಾಗಲೆಲ್ಲ ಲೋಹ ಹಿಗ್ಗುತ್ತದೆ, ನಿಂತಾಗಲೆಲ್ಲ ಕುಗ್ಗುತ್ತದೆ. ಸೆರಾಮಿಕ್ ಅಷ್ಟು ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಪೊರೆಯ ಹತ್ತಿರ ಬಿರುಕು ಬಿಟ್ಟು, ಮೇಲಿನ ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಇದೇ ಸ್ಪಾಲಿಂಗ್.

ಹಾಗಾಗಿ ಉದುರಿದ ಜಾಗಕ್ಕೆ ಸುಮ್ನೆ ಹೊಸ ಸೆರಾಮಿಕ್ ಬಳಿದರೆ ಸಾಲದು, ಅಲ್ವಾ? ಅಲ್ಯೂಮಿನಿಯಂ ಖಾಲಿಯಾದ ಬಾಂಡ್ ಕೋಟ್ ಹೊಸದನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಸಣ್ಣ ಚಕ್ಕೆ ಎದ್ದಿದ್ದರೆ, ತಯಾರಕರ ಮಿತಿಯೊಳಗಿದ್ದರೆ, ಹಾಗೇ ಬಿಡುವುದೂ ಉಂಟು. ಹಾನಿ ಜಾಸ್ತಿಯಾಗಿದ್ದರೆ ಎರಡೂ ಪದರ ತೆಗೆಯಬೇಕು. ಗ್ರಿಟ್ ಬ್ಲಾಸ್ಟಿಂಗ್ (ಒರಟು ಕಣಗಳನ್ನು ರಭಸವಾಗಿ ಹೊಡೆಯುವುದು), ವಾಟರ್ ಜೆಟ್ (ರಭಸದ ನೀರಿನ ಧಾರೆ) ಅಥವಾ ಆಸಿಡ್ ಬಳಸುತ್ತಾರೆ. ಲೋಹದ ಬಿರುಕುಗಳು ಸರಿಯಾಗಿ ಕಾಣಿಸುವುದೂ ಆಗಲೇ. ಬಿರುಕಿಗೆ ಇಳಿಯುವ ಬಣ್ಣದ ದ್ರವ ಹಚ್ಚಿ ಹುಡುಕುತ್ತಾರೆ, ವೆಲ್ಡ್ ಮಾಡುತ್ತಾರೆ.

ಆಮೇಲೆ ಮೈ ಒರಟು ಮಾಡಿ ಬಾಂಡ್ ಕೋಟ್, ಅದರ ಮೇಲೆ ಪ್ಲಾಸ್ಮಾ ಸ್ಪ್ರೇಯಿಂದ ಸೆರಾಮಿಕ್. ಪ್ಲಾಸ್ಮಾ ಎಂದರೆ ವಿದ್ಯುತ್ತಿನಿಂದ ವಿಪರೀತ ಬಿಸಿಯಾದ ಅನಿಲ. ಅದರಲ್ಲಿ ಕರಗಿದ ಸೆರಾಮಿಕ್ ಪುಡಿಯ ಒಂದೊಂದು ಕಣವೂ ಗೋಡೆಗೆ ಬಡಿದು, ಚಪ್ಪಟೆ ಬಿಲ್ಲೆಯಾಗಿ ಆ ಕ್ಷಣವೇ ಗಟ್ಟಿಯಾಗುತ್ತದೆ. ಬಿಲ್ಲೆಗಳ ನಡುವೆ ಉಳಿಯುವ ಸಂದುಗಳು ಕುಂದಲ್ಲ, ಬೇಕಾದವೇ. ಅವು ಬಿಸಿ ಹರಿಯುವುದನ್ನು ಇನ್ನಷ್ಟು ತಗ್ಗಿಸುತ್ತವೆ, ಪದರಕ್ಕೆ ಸ್ವಲ್ಪ ಬಾಗುವ ಗುಣ ಕೊಡುತ್ತವೆ.

ಲೈನರಿನ ತಂಪುಗಾಳಿ ತೂತುಗಳ ಬಗ್ಗೆ ಮಾತ್ರ ಎಷ್ಟು ಎಚ್ಚರವಿದ್ದರೂ ಕಡಿಮೆಯೇ. ಸ್ಪ್ರೇ ಅವುಗಳೊಳಗೆ ಕೂತರೆ ಗಾಳಿ ಕಟ್ಟುತ್ತದೆ, ಹೊಸ ಲೇಪನದ ಅಡಿಯಲ್ಲೇ ಲೋಹ ಬಿಸಿಯೇರುತ್ತದೆ. ಅದಕ್ಕೇ ಮುಚ್ಚಿದ ತೂತುಗಳನ್ನು ಬಿಡಿಸಿ, ಗಾಳಿ ಹಾಯಿಸಿ ಅಳೆದ ಮೇಲೆಯೇ ಲೈನರನ್ನು ಯಂತ್ರಕ್ಕೆ ಕೂರಿಸಬೇಕು.