ತೂಕ ಇಳಿಸುವ ಸೂಜಿ ಮಕ್ಕಳಿಗೂ ಕೊಡಬಹುದಾ?

ಪ್ರಶ್ನೆ: ಮಗಳಿಗೆ 14 ವರ್ಷ, ತೂಕ ಜಾಸ್ತಿ ಇದೆ. ವಾರಕ್ಕೊಂದು ಇಂಜೆಕ್ಷನ್ ತಗೊಂಡ್ರೆ ಇಳಿಯುತ್ತೆ ಅಂತ ನಾದಿನಿ ಹೇಳ್ತಾರೆ. ಅದನ್ನ ಮಕ್ಕಳಿಗೆ ಕೊಟ್ಟು ನೋಡಿದ್ದಾರಾ? ನಿಲ್ಲಿಸಿದ ಮೇಲೆ ಮತ್ತೆ ದಪ್ಪ ಆಗಲ್ವಾ?

ಉತ್ತರ: ಕೊಟ್ಟು ನೋಡಿದ್ದಾರೆ. ನಿಮ್ಮ ನಾದಿನಿ ಹೇಳಿದ್ದು ಸೆಮಾಗ್ಲುಟೈಡ್ ಇರಬೇಕು. 2022ರಲ್ಲಿ ಪ್ರಕಟವಾದ 'ಸ್ಟೆಪ್ ಟೀನ್ಸ್' ಅಧ್ಯಯನದಲ್ಲಿ 12ರಿಂದ 17 ವರ್ಷದ 201 ಮಕ್ಕಳಿದ್ದರು. ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಸೂಜಿ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಊಟ, ವ್ಯಾಯಾಮದ ಸಲಹೆ ಮಾತ್ರ ಎಲ್ಲರಿಗೂ ಸಿಕ್ಕಿತ್ತು. 68 ವಾರ ಕಳೆಯುವಷ್ಟರಲ್ಲಿ ಔಷಧ ಪಡೆದವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) ಸರಾಸರಿ ಶೇ 16.1ರಷ್ಟು ಇಳಿದಿತ್ತು. ಉಳಿದವರದು ಶೇ 0.6ರಷ್ಟು ಏರಿತ್ತು.

ಕೆ.ಜಿ. ಬಿಟ್ಟು ಬಿಎಂಐ ಯಾಕೆ? ಮಕ್ಕಳು ಬೆಳೀತಾ ಇರುತ್ತಾರಲ್ಲ, ಅದಕ್ಕೆ. 150 ಸೆಂ.ಮೀ. ಎತ್ತರದ ಹುಡುಗ 60 ಕೆ.ಜಿ. ಇದ್ದರೆ ಅವನ ಬಿಎಂಐ 26.7. ಅವನು 156 ಸೆಂ.ಮೀ.ಗೆ ಬೆಳೆದು ತೂಕ ಅಷ್ಟೇ ಉಳಿದರೆ 24.7ಕ್ಕೆ ಬರುತ್ತದೆ. ಒಂದು ಗ್ರಾಂ ಕೂಡ ಇಳಿದಿಲ್ಲ ನೋಡಿ! ಚಿಕ್ಕ ಮಕ್ಕಳಲ್ಲಿ ಎಷ್ಟೋ ಸಲ ತೂಕ ಏರದಂತೆ ನೋಡಿಕೊಂಡರೇ ಸಾಕಾಗೋದು ಇದಕ್ಕೇ. ಆದರೆ 14ರ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹೆಚ್ಚುಕಮ್ಮಿ ಪೂರ್ತಿ ಎತ್ತರ ಬೆಳೆದಿರುತ್ತಾರೆ. ನಿಮ್ಮ ಮಗಳಿಗೆ ಈ ಲೆಕ್ಕ ಅಷ್ಟಾಗಿ ಕೈಹಿಡಿಯಲಿಕ್ಕಿಲ್ಲ.

ನಾನು ಎರಡು ಸಲ ಓದಿದ್ದು ಇನ್ನೊಂದು ಸಂಖ್ಯೆಯನ್ನು. ಆ ಅಧ್ಯಯನದ ಮಕ್ಕಳ ಸರಾಸರಿ ತೂಕ ಶುರುವಿನಲ್ಲಿ ಸುಮಾರು 107 ಕೆ.ಜಿ., ಬಿಎಂಐ 37. ಊಟದಲ್ಲಿ ಹಿಡಿತ ಇಟ್ಟು ನೋಡಿ ಸೋತಿದ್ದವರು. "ಸ್ವಲ್ಪ ಗುಂಡುಗುಂಡಾಗಿದ್ದಾಳೆ" ಅನ್ನುವ ಮಕ್ಕಳ ಮೇಲೆ ನಡೆದ ಪರೀಕ್ಷೆ ಇದಲ್ಲ. ಅಧ್ಯಯನ ನಡೆದ ಎಂಟು ದೇಶಗಳಲ್ಲಿ ಭಾರತವೂ ಇರಲಿಲ್ಲ.

ತೊಂದರೆಗಳೂ ಇದ್ದವು. ಔಷಧ ಪಡೆದವರಲ್ಲಿ ಶೇ 62 ಮಕ್ಕಳಿಗೆ ವಾಕರಿಕೆ, ವಾಂತಿ, ಭೇದಿಯಂಥ ಹೊಟ್ಟೆಯ ಕಿರಿಕಿರಿ. ಐದು ಮಕ್ಕಳಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು, ಇನ್ನೊಂದು ಗುಂಪಿನಲ್ಲಿ ಯಾರಿಗೂ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಇದೇ ಜಾತಿಯ ಹಳೆಯ ಔಷಧ ಲಿರಾಗ್ಲುಟೈಡ್, ದಿನಾ ಚುಚ್ಚಿಕೊಳ್ಳಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 251 ಹದಿಹರೆಯದವರಿದ್ದರು. 56 ವಾರ ಆದ ಮೇಲೆ ಸೂಜಿ ನಿಲ್ಲಿಸಿ, 26 ವಾರ ಸುಮ್ನೆ ಗಮನಿಸಿದರು. ಔಷಧ ಪಡೆದಿದ್ದವರ ಬಿಎಂಐ ಮತ್ತೆ ಏರಿತು, ಅದೂ ಔಷಧವಿಲ್ಲದ ಸೂಜಿ ಪಡೆದ ಗುಂಪಿಗಿಂತ ಜಾಸ್ತಿ. ಹಸಿವನ್ನು ತಡೆಹಿಡಿದಿದ್ದ ಔಷಧ ನಿಂತರೆ ಹಸಿವು ವಾಪಸ್ ಬರುತ್ತದೆ ಅಲ್ವಾ? ಹಾಗಾಗಿ ಎಷ್ಟು ವರ್ಷ ತಗೋಬೇಕು ಅನ್ನೋದನ್ನು ಮೊದಲ ದಿನವೇ ಕೇಳಿ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ, 12 ದಾಟಿದ ಬೊಜ್ಜಿನ ಮಕ್ಕಳಿಗೆ ಔಷಧವನ್ನೂ ಮುಂದಿಡಿ ಎಂದಿತು. ಅದರ ಜೊತೆಗೇ 3ರಿಂದ 12 ತಿಂಗಳಲ್ಲಿ ಕನಿಷ್ಠ 26 ಗಂಟೆ ಮನೆಯವರನ್ನೂ ಕೂರಿಸಿಕೊಂಡು ಊಟ, ಓಡಾಟ ತಿದ್ದುವ ಚಿಕಿತ್ಸೆ ಬೇಕು ಎಂದೂ ಹೇಳಿತು. ನಮ್ಮಲ್ಲಿ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಆ ಹತ್ತು ನಿಮಿಷ ಹಾಳಾಗದಿರಲಿ: ಮಗಳ ಎತ್ತರ, ತೂಕ ಬರೆದಿಟ್ಟಿರುವ ಶಾಲೆಯ ಹಳೆಯ ಕಾರ್ಡುಗಳಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗುವಾಗ ತಗೊಂಡು ಹೋಗಿ. ತೂಕ ಯಾವ ವರ್ಷದಿಂದ ಏರಿತು ಅಂತ ಅದರಲ್ಲೇ ಕಾಣುತ್ತದೆ.