ಜಾತ್ರೆ ರಾತ್ರಿಯ ಗುಡಿ ಫೋಟೊ: ಮಂದಿ ಬೇಕೋ, ಬೇಡವೋ?

ಕಾರ್ತಿಕದ ದೀಪ, ಶಿವರಾತ್ರಿ, ಊರ ಜಾತ್ರೆ. ನಮ್ಮ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಹಳೆಯ ಕಲ್ಲಿನ ಗುಡಿಗಳು ರಾತ್ರಿ ಹೊತ್ತು ನೋಡಲು ಸಿಗುವುದು ಹೆಚ್ಚಾಗಿ ಇಂಥ ದಿನಗಳಲ್ಲೇ. ಗುಡಿ ಚಂದ ಕಾಣುವುದೂ ಆಗಲೇ, ಕಾಲಿಡಲು ಜಾಗ ಇಲ್ಲದಷ್ಟು ಮಂದಿ ಸೇರುವುದೂ ಆಗಲೇ. ಫೋಟೊ ಕಲಿಯುತ್ತಿರುವ ನಾವು ಮೊದಲು ಕೇಳುವುದು "ಐಎಸ್‌ಒ ಎಷ್ಟು ಇಡಬೇಕು?" ಅಂತ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಇರಬೇಕು ಅಂತ. ಅದು ನಾಲ್ಕನೆಯ ಪ್ರಶ್ನೆ ಅನ್ನುವುದು ನನ್ನ ಅಭಿಪ್ರಾಯ. ಮೊದಲನೆಯದು ಇದು: ಈ ಚಿತ್ರದಲ್ಲಿ ಮಂದಿ ಬೇಕೋ, ಬೇಡವೋ? ಅದು ನಿಕ್ಕಿಯಾದರೆ ಶಟರ್ ವೇಗ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಬಿಡಬೇಕು ಅನ್ನುವುದು, ನಿಕ್ಕಿಯಾಗುತ್ತದೆ. ಶಟರ್ ಗೊತ್ತಾದರೆ ಟ್ರೈಪಾಡ್ ಬೇಕೋ ಬೇಡವೋ ತಿಳಿಯುತ್ತದೆ. ಐಎಸ್‌ಒ ಆಮೇಲೆ ತಾನಾಗಿ ಹೊಂದಿಕೊಳ್ಳುತ್ತದೆ.

ಆದರೆ ಅದಕ್ಕೂ ಮುಂಚೆ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡಿಕೊಳ್ಳಬೇಕು.

ದಿಕ್ಕು ಮತ್ತು ಸಂಜೆಯ ಹದಿನೈದು ನಿಮಿಷ

ರಾತ್ರಿ ಫೋಟೊ ಅಂದರೂ ಒಳ್ಳೆಯ ಚಿತ್ರಗಳು ಬಹಳಷ್ಟು ಸಿಗುವುದು ಪೂರ್ತಿ ಕತ್ತಲಾಗುವ ಮುಂಚೆ. ಸೂರ್ಯ ಮುಳುಗಿದ ಮೇಲೆ ಆಕಾಶ ಗಾಢ ನೀಲಿಗೆ ತಿರುಗುವ ಹೊತ್ತು ಇದೆಯಲ್ಲ, ಅದು. ಆಗ ಸೂರ್ಯ ದಿಗಂತದಿಂದ ಸುಮಾರು 4ರಿಂದ 8 ಡಿಗ್ರಿ ಕೆಳಗಿರುತ್ತಾನೆ. ಯುರೋಪಿನವರು ಮಾಡಿದ ವಿಡಿಯೊಗಳಲ್ಲಿ ಈ ಹೊತ್ತು ಆರಾಮಾಗಿ ಸಿಗುತ್ತದೆ ಅನ್ನುವ ಹಾಗೆ ಮಾತಾಡುತ್ತಾರೆ. ಅವರ ಊರಲ್ಲಿ ಸೂರ್ಯ ಓರೆಯಾಗಿ, ನಿಧಾನಕ್ಕೆ ಇಳಿಯುತ್ತಾನೆ. ನಾವಿರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತಾನೆ. ಆದ್ದರಿಂದ ಮುಳುಗಿ ಕಾಲು ಗಂಟೆಗೆ ನೀಲಿ ಶುರುವಾದರೆ, ಅರ್ಧ ಗಂಟೆ ಆಗುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ನವೆಂಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು 6 ಗಂಟೆಯ ಆಸುಪಾಸು. ಅಂದರೆ 6.15ರಿಂದ 6.30. ಅಷ್ಟರಲ್ಲಿ ಕೆಲಸ ಆಗಬೇಕು. ಜಾಗ ಹುಡುಕುವುದು, ಫೋಕಸ್ ಮಾಡುವುದು ಎಲ್ಲ 6ಕ್ಕೇ ಮುಗಿದಿರಬೇಕು.

ಈಗ ದಿಕ್ಕಿನ ವಿಷಯ. ನಮ್ಮ ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿವೆ. ಅವುಗಳ ಎದುರು ನಿಂತು ಸಂಜೆ ಫೋಟೊ ತೆಗೆದರೆ ನಾವು ಪಶ್ಚಿಮಕ್ಕೆ ನೋಡುತ್ತಿರುತ್ತೇವೆ. ಗುಡಿಯ ಹಿಂದೆ ಇನ್ನೂ ಬೆಳಕು, ಮುಂಭಾಗ ಕತ್ತಲು. ಶಿಖರದ ಅಂಚು ಚಂದ ಕಾಣುತ್ತದೆ, ಕೆತ್ತನೆ ಕಾಣುವುದಿಲ್ಲ. ಹಾವೇರಿಯ ಸಿದ್ಧೇಶ್ವರ ಗುಡಿ ಇದಕ್ಕೆ ಪೂರ್ತಿ ಉಲ್ಟಾ. 12ನೇ ಶತಮಾನದ ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಚಾಲುಕ್ಯ ಗುಡಿಗಳಲ್ಲಿ ಇದು ಅಪರೂಪ. ಫೋಟೊದವರಿಗೆ ಇದರಿಂದ ದೊಡ್ಡ ಲಾಭ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದ ಆಕಾಶದಲ್ಲಿ ಉಳಿದ ಮೆದು ಬೆಳಕು ನೇರ ಗುಡಿಯ ಮುಖಕ್ಕೇ ಬೀಳುತ್ತದೆ. ಹಿಂದಿರುವ ಪೂರ್ವದ ಆಕಾಶ ಮೊದಲೇ ಕಪ್ಪಾಗುತ್ತಾ ಬರುತ್ತದೆ. ಗುಡಿ ತಾನೇ ಎದ್ದು ಕಾಣುತ್ತದೆ, ಎಚ್‌ಡಿಆರ್ (ಬೇರೆ ಬೇರೆ ಬೆಳಕಿಗೆ ತೆಗೆದ ಚಿತ್ರಗಳನ್ನು ಒಂದು ಮಾಡುವುದು) ಬೇಕಾಗುವುದೇ ಕಡಿಮೆ. ಸಂಜೆ ಕಲಿಕೆ ಶುರುಮಾಡುವವರಿಗೆ ನಾನು ಮೊದಲು ಹೇಳುವ ಗುಡಿ ಇದು.

ಗದಗ ಹತ್ತಿರದ ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ ಎರಡೂ ಪಾಠ ಒಂದೇ ಕಡೆ ಇವೆ. ಅಲ್ಲಿ ಶಿವನ ಗುಡಿ ಪೂರ್ವಕ್ಕೆ, ಅದರ ಎದುರಿನ ಸೂರ್ಯನ ಗುಡಿ ಪಶ್ಚಿಮಕ್ಕೆ ಮುಖ ಮಾಡಿವೆ. ಒಂದೇ ಸಂಜೆ, ಒಂದೇ ಜಗತಿಯ (ಗುಡಿಯ ಕಟ್ಟೆಯ) ಮೇಲೆ ಒಂದರ ಮುಖಕ್ಕೆ ಬೆಳಕು, ಇನ್ನೊಂದರ ಬೆನ್ನಿಗೆ ಬೆಳಕು.

ಮಂದಿ ಬೇಡ ಅಂದರೆ

ಎರಡು ದಾರಿ ಇವೆ. ಎರಡಕ್ಕೂ ಕ್ಯಾಮೆರಾ ಅಲ್ಲಾಡಬಾರದು.

ಮೊದಲನೆಯದು ಉದ್ದನೆಯ ಎಕ್ಸ್‌ಪೋಷರ್, ಅಂದರೆ ಶಟರನ್ನು ಬಹಳ ಹೊತ್ತು ತೆರೆದಿಡುವುದು. ಐಎಸ್‌ಒ 100, ಎಫ್ 8 (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು), 30 ಸೆಕೆಂಡ್. ಗುಡಿಯ ಮುಂದೆ ನಡೆದುಹೋಗುವ ಮನುಷ್ಯ ಚಿತ್ರದ ಒಂದು ಜಾಗವನ್ನು ಮುಚ್ಚುವುದು ಅರ್ಧ ಸೆಕೆಂಡೋ ಒಂದು ಸೆಕೆಂಡೋ. ಅಂದರೆ ಒಟ್ಟು ಬೆಳಕಿನ ಮೂವತ್ತನೇ ಒಂದು ಪಾಲಷ್ಟೂ ಅವನಿಂದ ಕೆಡುವುದಿಲ್ಲ. ಅವನು ಚಿತ್ರದಲ್ಲಿ ಇಲ್ಲವೇ ಇಲ್ಲ. ಆದರೆ ಅವನ ಕೈಯಲ್ಲಿ ಮೊಬೈಲ್ ಟಾರ್ಚ್ ಉರಿಯುತ್ತಿದ್ದರೆ ಅವನು ಹೋಗುತ್ತಾನೆ, ಬಿಳಿ ಗೆರೆ ಉಳಿಯುತ್ತದೆ. ಬಿಳಿ ಧೋತರ, ಬಿಳಿ ಅಂಗಿಯವರೂ ಸ್ವಲ್ಪ ಮಬ್ಬಾಗಿ ಉಳಿಯಬಹುದು.

ಎರಡನೆಯದು ಮೀಡಿಯನ್ ವಿಧಾನ. ಕ್ಯಾಮೆರಾ ಒಂದೇ ಕಡೆ ನಿಲ್ಲಿಸಿ, ಹತ್ತು ಸೆಕೆಂಡಿಗೊಂದರಂತೆ 15 ಫ್ರೇಮ್ ತೆಗೆಯಿರಿ. ಎಲ್ಲವೂ ಮ್ಯಾನುವಲ್. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಯಾವುದೂ ನಡುವೆ ಬದಲಾಗಬಾರದು. ಆಮೇಲೆ ಫೋಟೊಶಾಪ್‌ನಂಥ ತಂತ್ರಾಂಶದಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿ ಮೀಡಿಯನ್ ಕೊಟ್ಟರೆ, ಅದು ಪ್ರತಿ ಪಿಕ್ಸೆಲ್‌ಗೂ 15 ಬೆಲೆಗಳನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಆರಿಸುತ್ತದೆ. ಒಂದು ಜಾಗದಲ್ಲಿ 7 ಫ್ರೇಮ್‌ಗಳವರೆಗೆ ಯಾರಾದರೂ ನಿಂತಿದ್ದರೂ ಪರವಾಗಿಲ್ಲ. ಉಳಿದ 8ರಲ್ಲಿ ಬರೀ ಕಲ್ಲೇ ಇದ್ದರೆ ಅಲ್ಲಿ ಕಲ್ಲೇ ಗೆಲ್ಲುತ್ತದೆ. ಸರಾಸರಿ ತೆಗೆದರೆ ಹೀಗಾಗುವುದಿಲ್ಲ. ಪ್ರತಿಯೊಬ್ಬರೂ ತೆಳುವಾಗಿ, ದೆವ್ವದ ಹಾಗೆ ಉಳಿದುಬಿಡುತ್ತಾರೆ. ಇನ್ನೊಂದು ಎಚ್ಚರಿಕೆ: ಹದಿನೈದು ಫ್ರೇಮ್‌ಗೆ ಎರಡೂವರೆ ನಿಮಿಷ ಹಿಡಿಯುತ್ತದೆ. ನೀಲಿ ಹೊತ್ತಿನಲ್ಲಿ ಅಷ್ಟರೊಳಗೆ ಆಕಾಶ ಗೊತ್ತಾಗುವಷ್ಟು ಕಪ್ಪಾಗಿರುತ್ತದೆ. ಹಾಗಾಗಿ ಆಕಾಶಕ್ಕೆ ಬೇರೆ ಒಂದು ಫ್ರೇಮ್ ಇಟ್ಟುಕೊಳ್ಳಿ.

ಎರಡೂ ದಾರಿ ಕೈಕೊಡುವ ಒಂದು ಜಾಗ ಇದೆ. ದರ್ಶನದ ಪಾಳಿ. ಅಲ್ಲಿ ಒಬ್ಬರು ಮುಂದೆ ಸರಿದ ಕೂಡಲೇ ಇನ್ನೊಬ್ಬರು ಆ ಜಾಗಕ್ಕೆ ಬರುತ್ತಾರೆ. ಆ ಪಿಕ್ಸೆಲ್ ಖಾಲಿ ಇರುವುದೇ ಇಲ್ಲ. ಉದ್ದ ಎಕ್ಸ್‌ಪೋಷರ್‌ನಲ್ಲಿ ಪಾಳಿ ಮಂಜಿನ ಗೋಡೆಯಾಗುತ್ತದೆ, ಮೀಡಿಯನ್‌ನಲ್ಲಿ ಬಣ್ಣಬಣ್ಣದ ಕಲಸು. ಪಾಳಿ ಇರುವ ಬಾಗಿಲನ್ನು ಬಿಟ್ಟು ಬೇರೆ ಮಗ್ಗುಲಿಗೆ ಹೋಗುವುದೊಂದೇ ಉಪಾಯ. ಹುಬ್ಬಳ್ಳಿ ಉಣಕಲ್‌ನ ಚಂದ್ರಮೌಳೇಶ್ವರ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲುಗಳಿವೆ. ಶಿವರಾತ್ರಿಯಲ್ಲೂ ನಾಲ್ಕೂ ಕಡೆ ಒಂದೇ ಥರ ಮಂದಿ ಇರುವುದಿಲ್ಲ, ಸುತ್ತು ಹಾಕಿ ನೋಡಬೇಕು. ಆದರೆ ಅಲ್ಲಿ ಇನ್ನೊಂದು ತೊಡಕು. ಸುತ್ತ ಮನೆಗಳು ಒತ್ತಿಕೊಂಡಿರುವುದರಿಂದ ಹಿಂದೆ ಸರಿಯಲು ಜಾಗ ಕಡಿಮೆ. ಹತ್ತಿರದಿಂದ ಕ್ಯಾಮೆರಾವನ್ನು ಮೇಲೆತ್ತಿ ತೆಗೆದರೆ ಗುಡಿ ಹಿಂದಕ್ಕೆ ವಾಲಿದ ಹಾಗೆ ಬರುತ್ತದೆ. ಕ್ಯಾಮೆರಾ ನೆಟ್ಟಗೆ ಹಿಡಿದು, ವೈಡ್ ಲೆನ್ಸ್‌ನಲ್ಲಿ ತೆಗೆದು, ಕೆಳಗೆ ಜಾಸ್ತಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡುವುದಕ್ಕಿಂತ ಇದು ವಾಸಿ.

ಮಂದಿ ಬೇಕು ಅಂದರೆ

ನಿಜ ಹೇಳಬೇಕೆಂದರೆ ನನಗೆ ಇಷ್ಟವಾಗುವುದು ಈ ಕಡೆಯ ಚಿತ್ರಗಳೇ. ಪೂಜೆ ನಡೆಯುವ ಗುಡಿಯನ್ನು ಮಂದಿ ಇಲ್ಲದ ಹಾಗೆ ತೋರಿಸುವುದು ಸ್ವಲ್ಪ ಸುಳ್ಳು ಹೇಳಿದ ಹಾಗೆ, ಅಲ್ವಾ?

ಇಲ್ಲಿ ಶಟರ್ ಮೂರು ಥರ ಕೆಲಸ ಮಾಡುತ್ತದೆ. ಸೆಕೆಂಡಿನ 1/100ರ ಸುತ್ತ ಇಟ್ಟರೆ ಮುಖ, ಕೈ ನಿಲ್ಲುತ್ತವೆ. 1/15ರಲ್ಲಿ ನಿಂತವರು ಸರಿ ಬರುತ್ತಾರೆ, ನಡೆಯುವವರ ಕಾಲು ಮಸುಕಾಗುತ್ತದೆ. ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿಗೆ ಬಂದರೆ ಪಾಳಿ ಹರಿಯುತ್ತದೆ, ಕಂಬ ಮತ್ತು ಕಂಬಕ್ಕೆ ಒರಗಿ ಕೂತ ಅಜ್ಜ ಮಾತ್ರ ಸ್ಪಷ್ಟ. ಮೇಲೆ ಬೈದ ಪಾಳಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಲೆಕ್ಕ ಹೀಗೆ. ನೀಲಿ ಹೊತ್ತಿನ ನಡುವೆ ಐಎಸ್‌ಒ 100, ಎಫ್ 4ಕ್ಕೆ ಸುಮಾರು 1 ಸೆಕೆಂಡ್ ಬೇಕಾಗುತ್ತದೆ ಅಂದುಕೊಳ್ಳಿ. ಕೈಯಲ್ಲಿ ಹಿಡಿದು ತೆಗೆಯಲು ಆಗುವುದಿಲ್ಲ. ಐಎಸ್‌ಒ 200, 400, 800, 1600 ಎಂದು ನಾಲ್ಕು ಮೆಟ್ಟಿಲು ಏರಿಸಿದರೆ ಶಟರ್ ನಾಲ್ಕು ಸಲ ಅರ್ಧವಾಗಿ 1/16ಕ್ಕೆ ಬರುತ್ತದೆ. ಕ್ಯಾಮೆರಾದಲ್ಲಿ ಅದೇ 1/15. ವೈಡ್ ಲೆನ್ಸ್ ಮತ್ತು ಸ್ಟೆಬಿಲೈಸರ್ ಇದ್ದರೆ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡುತ್ತಾ ತೆಗೆದರೆ ಸಾಕು. ಪಣತಿ ಹಚ್ಚುವವರ ಮುಖಕ್ಕಾದರೆ ಎಫ್ 1.8 ಲೆನ್ಸ್, 1/100, ಐಎಸ್‌ಒ 3200. ಪಣತಿಯಿಂದ ಮುಖ ದೂರ ಸರಿದಂತೆ ಬೆಳಕು ಬೇಗ ಬೇಗ ಕುಸಿಯುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು. ಆದ್ದರಿಂದ ಅವರು ಬಗ್ಗಿದ ಕ್ಷಣಕ್ಕೇ ಕಾಯಬೇಕು. ನೆಟ್ಟಗೆ ನಿಂತ ಮೇಲೆ ಒದ್ದಾಡಿ ಉಪಯೋಗವಿಲ್ಲ.

ಹತ್ತಿರದಿಂದ ಮುಖ ತೆಗೆಯುವ ಮುಂಚೆ "ಅಕ್ಕಾರ, ಒಂದು ಫೋಟೊ ತೆಗೀಲೇನ್ರಿ?" ಅಂತ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಪ್ರದಕ್ಷಿಣೆಯ ದಾರಿಯಲ್ಲಿ ಮಾತ್ರ ನಿಲ್ಲಬೇಡಿ.

ಸೀರಿಯಲ್ ಸೆಟ್ ಹಾಕಿದ ಗುಡಿಯಲ್ಲಿ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/100 ಅಥವಾ 1/50ಕ್ಕೆ ಇಡಿ. ಸೈಲೆಂಟ್ ಶಟರ್ ಆಫ್ ಮಾಡಿ, ಅದರಲ್ಲಿ ಪಟ್ಟಿ ಜಾಸ್ತಿ.

ಟ್ರೈಪಾಡ್ ಮತ್ತು ಬಾಗಿಲು ಹಾಕುವ ಹೊತ್ತು

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಕೆಳಗಿನ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿರುತ್ತವೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯಕ್ಕೆ ರಾತ್ರಿ 8ಕ್ಕೆ ಹೋದರೆ ಬೇಲಿ ನೋಡಿ ಬರಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಹೊತ್ತು ಬೇರೆ. ಅಲ್ಲೇ ವಿಚಾರಿಸಿ. ಟ್ರೈಪಾಡ್‌ಗೆ ಇಲಾಖೆಯ ಅನುಮತಿ ಬೇಕು, ಡ್ರೋನ್‌ಗಂತೂ ಬೇಕೇ ಬೇಕು. ನಮ್ಮ ಭಾಗಕ್ಕೆ ಇಲಾಖೆಯ ಕಚೇರಿ ಧಾರವಾಡದಲ್ಲೇ ಇದೆ, ಮುಂಚೆಯೇ ಬರೆದು ಕೇಳಬಹುದು.

ಅನುಮತಿ ಇದ್ದರೂ ಜಾತ್ರೆ ರಾತ್ರಿ ಟ್ರೈಪಾಡ್ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ. ಕತ್ತಲಲ್ಲಿ ಮೂರು ಕಾಲು ಹರಡಿದರೆ ಯಾರಾದರೂ ಎಡವಿ ಬೀಳುತ್ತಾರೆ. ಅಕ್ಕಿಯನ್ನೋ ಕಡಲೆಯನ್ನೋ ತುಂಬಿದ ಸಣ್ಣ ಬಟ್ಟೆ ಚೀಲ ಒಂದು ಇಟ್ಟುಕೊಳ್ಳಿ. ಹಾಸುಗಲ್ಲಿನ ಮೇಲೆ ಚೀಲ, ಚೀಲದ ಮೇಲೆ ಕ್ಯಾಮೆರಾ, 2 ಸೆಕೆಂಡ್ ಟೈಮರ್. ಕೆಳಗಿನ ಕೋನದಿಂದ ಗುಡಿ ದೊಡ್ಡದಾಗಿಯೂ ಕಾಣುತ್ತದೆ. ಕೆತ್ತನೆಯ ಮೇಲೆ, ನಂದಿಯ ಬೆನ್ನ ಮೇಲೆ ಮಾತ್ರ ಇಡಬೇಡಿ.

ಮೊಬೈಲ್‌ನವರಿಗೂ ಇದೇ ಚೀಲ. ನೈಟ್ ಮೋಡ್ ಅಂದರೆ ಫೋನು ಸಾಲಾಗಿ ಹಲವು ಫ್ರೇಮ್ ತೆಗೆದು ಒಂದು ಮಾಡುವುದು. ಕೆಲವು ಫೋನ್‌ಗಳು ತಾವು ಅಲ್ಲಾಡುತ್ತಿಲ್ಲ ಅಂತ ಗೊತ್ತಾದರೆ ತಾವಾಗಿಯೇ ಸಮಯ ಹೆಚ್ಚಿಸುತ್ತವೆ.

ಫ್ಲ್ಯಾಶ್ ಯಾಕೆ ಬೇಡ

ಗರ್ಭಗುಡಿಯಲ್ಲಿ ಬೇಡ ಅನ್ನುವುದು ಎಲ್ಲರಿಗೂ ಗೊತ್ತು. ಹೊರಗೂ ಅದರಿಂದ ಪ್ರಯೋಜನ ಇಲ್ಲ. ಕ್ಯಾಮೆರಾದ ಮೇಲೇ ಏಳುವ ಚಿಕ್ಕ ಫ್ಲ್ಯಾಶಿನ ಗೈಡ್ ನಂಬರ್ (ಅದರ ಶಕ್ತಿಯ ಅಳತೆ) ಐಎಸ್‌ಒ 100ರಲ್ಲಿ ಸುಮಾರು 12 ಮೀಟರ್. ಅದನ್ನು ಎಫ್ 4ರಿಂದ ಭಾಗಿಸಿದರೆ 3 ಮೀಟರ್. ಅಷ್ಟೇ ಅದರ ಕೈ ಮುಟ್ಟುವ ದೂರ. 20 ಮೀಟರ್ ಆಚೆಯ ಶಿಖರಕ್ಕೆ ಏನೂ ತಲುಪುವುದಿಲ್ಲ, ಮುಂದೆ ನಿಂತವರ ತಲೆ ಮಾತ್ರ ಬೆಳ್ಳಗಾಗುತ್ತವೆ. ತಲುಪಿದರೂ ನೇರ ಎದುರಿನಿಂದ ಬಿದ್ದ ಬೆಳಕು ಕೆತ್ತನೆಯ ನೆರಳನ್ನೇ ಅಳಿಸಿಬಿಡುತ್ತದೆ. ಡಂಬಳದ ದೊಡ್ಡಬಸಪ್ಪ ಗುಡಿಯನ್ನೇ ತಗೊಳ್ಳಿ. ಅದರ ತಳವಿನ್ಯಾಸ 24 ಮೂಲೆಗಳ ನಕ್ಷತ್ರ. ಪಕ್ಕದಿಂದ ಒಂದು ದೀಪ ಬಿದ್ದರೆ ಪ್ರತಿ ಮೂಲೆಗೂ ಒಂದು ಬೆಳಕಿನ ಮುಖ, ಒಂದು ನೆರಳಿನ ಮುಖ ಸಿಗುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅದು ಸುಮ್ನೆ ಒಂದು ಗೋಡೆ.

ಕಪ್ಪು ಕಲ್ಲು, ಕ್ಯಾಮೆರಾದ ಅಂದಾಜು

ಸಿದ್ಧೇಶ್ವರ, ಕಾಶಿವಿಶ್ವನಾಥ ಎಲ್ಲ ಬಳಪದ ಕಲ್ಲಿನವು. ಕಲ್ಲೇ ಹಸಿರು ಛಾಯೆಯ ಬೂದು, ಸಂಜೆಯಲ್ಲಿ ಇನ್ನೂ ಕಪ್ಪು. ಕ್ಯಾಮೆರಾದ ಮೀಟರ್‌ಗೆ ಇದು ತಿಳಿಯದು. ಕಂಡದ್ದನ್ನೆಲ್ಲ ಅದು 18 ಶೇಕಡಾ ಬೂದು ಅಂದುಕೊಂಡು ಎಕ್ಸ್‌ಪೋಷರ್ ಹೆಚ್ಚಿಸುತ್ತದೆ. ಫಲ ಏನೆಂದರೆ ರಾತ್ರಿ ಹಗಲಾಗುತ್ತದೆ, ದೀಪಗಳೆಲ್ಲ ಸುಟ್ಟು ಬಿಳಿ ಚುಕ್ಕೆಗಳಾಗುತ್ತವೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಮೀಟರಿನ ಅಂದಾಜನ್ನು ಹೆಚ್ಚುಕಮ್ಮಿ ಮಾಡುವ ವ್ಯವಸ್ಥೆ) ಮೈನಸ್ 1ರಿಂದ ಶುರುಮಾಡಿ. ಕಡಿಮೆಯಾದರೆ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ನೆರಳು ಎತ್ತಬಹುದು, ಸುಟ್ಟ ಜ್ವಾಲೆಯನ್ನು ತಿರುಗಿ ತರಲು ಆಗುವುದಿಲ್ಲ. ಪರದೆಯನ್ನು ನಂಬಬೇಡಿ. ಕತ್ತಲಲ್ಲಿ ಎಂಥ ಕಪ್ಪು ಚಿತ್ರವೂ ಅದರಲ್ಲಿ ಬೆಳ್ಳಗೇ ಕಾಣುತ್ತದೆ. ಹಿಸ್ಟೋಗ್ರಾಂ, ಅಂದರೆ ಬೆಳಕು-ಕತ್ತಲಿನ ಹಂಚಿಕೆ ತೋರಿಸುವ ನಕ್ಷೆ, ನೋಡಿ.

ತಿರುಗಣಿಯಲ್ಲಿ ಕಡೆದು ನುಣುಪು ಮಾಡಿದ ಕಂಬಗಳಿಗೆ ಇನ್ನೊಂದು ಗುಣ ಇದೆ. ಅವು ದೀಪವನ್ನು ಪ್ರತಿಬಿಂಬಿಸುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕಂಬದ ಮೇಲಿನ ಬೆಳಕಿನ ಗೆರೆಯೂ ಸರಿಯುತ್ತದೆ. ಆ ಗೆರೆ ಕಂಬದ ಅಂಚಿಗೆ ಬಂದಾಗ ಕಂಬ ದುಂಡಗೆ ಕಾಣುತ್ತದೆ. ನಡುವೆ ಇದ್ದರೆ ಚಪ್ಪಟೆ. ಫೋಕಸ್‌ಗೂ ಇದೇ ಗೆರೆ ಒಳ್ಳೆಯದು. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ, ಗೆರೆ ತೆಳುವಾಗುವವರೆಗೆ ರಿಂಗ್ ತಿರುಗಿಸಿ, ಮ್ಯಾನುವಲ್‌ನಲ್ಲೇ ಬಿಡಿ.

ಬಣ್ಣ

ಪಣತಿಯ ಬೆಳಕು ಸುಮಾರು 1900 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟು ಹಳದಿ, ಹೆಚ್ಚಾದಷ್ಟು ನೀಲಿ), ಹಳೆಯ ಬಲ್ಬು 2700, ಬಿಳಿ ಎಲ್‌ಇಡಿ 5000 ದಾಟಿರುತ್ತದೆ. ಜಾತ್ರೆಯಲ್ಲಿ ಇವೆಲ್ಲ ಒಂದೇ ಗೋಡೆಯ ಮೇಲೆ ಬೀಳುತ್ತವೆ. ಆಟೊ ವೈಟ್ ಬ್ಯಾಲೆನ್ಸ್ ಪ್ರತಿ ಫ್ರೇಮ್‌ಗೂ ಬೇರೆ ಬಣ್ಣ ಕೊಡುತ್ತದೆ. 3200ಕ್ಕೆ ಕಟ್ಟಿಹಾಕಿ. ಪಣತಿ ಬೆಚ್ಚಗೆ, ಆಕಾಶ ನೀಲಿಯಾಗಿ ಉಳಿಯುತ್ತವೆ. ರಾ ಫೈಲ್ ಇದ್ದರೆ ಆಮೇಲೂ ತಿದ್ದಬಹುದು.

ತಿದ್ದಲಾಗದ್ದು ಒಂದೇ, ಹಳದಿ ಸೋಡಿಯಂ ಬೀದಿ ದೀಪ. ಅದರ ಬೆಳಕು ಬಹುಪಾಲು ಹಳದಿ-ಕಿತ್ತಳೆಯೇ. ಹಸಿರು ಸೀರೆಯಾಗಲಿ ಕೆಂಪು ಸೀರೆಯಾಗಲಿ, ತೋರಿಸಲು ಆ ಬಣ್ಣ ಬೆಳಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸ್ಲೈಡರ್ ಎಷ್ಟು ಎಳೆದರೂ ಬರುವುದಿಲ್ಲ. ಈಗ ಬಹಳ ಕಡೆ ಎಲ್‌ಇಡಿ ಬಂದಿದ್ದರೂ ಹಳೆಯ ಓಣಿಗಳಲ್ಲಿ ಇನ್ನೂ ಒಂದೆರಡು ಸಿಗುತ್ತವೆ. ಅಂಥ ಕಡೆ ತೆಗೆದದ್ದನ್ನು ಕಪ್ಪು-ಬಿಳುಪು ಮಾಡಿ. ಕಲ್ಲಿನ ಗುಡಿಗೆ ಅದು ಒಪ್ಪುತ್ತದೆ ಕೂಡ.